ಜೋರಾಗಿ ಬಂದ ಉಪ್ಪುನೀರು

ನೀರು ಮೊದಲಿಗಿಂತ ಜೋರಾಗಿ ಬರುತ್ತಿತ್ತು. ನನ್ನ ತಲೆ ಕೆಡಿಸಿದ್ದೇ ಅದು.

ನಮ್ಮ ದ್ವೀಪದಲ್ಲಿ ಬಾವಿಯ ನೀರು ಅರ್ಧ ಸಮುದ್ರ. ಮಳೆ ನಿಂತು ನಾಲ್ಕು ತಿಂಗಳಾಗಿ ಮಳೆನೀರಿನ ತೊಟ್ಟಿಯೂ ಒಣಗಿತ್ತು. ಉಳಿದದ್ದು ಗೋಡೆಗೆ ತೂಗುಹಾಕಿದ ಆರ್‌ಒ ಯಂತ್ರವೊಂದೇ. ಬಾವಿನೀರನ್ನು ಸೋಲಾರ್ ಪಂಪು ಅದಕ್ಕೆ ತಳ್ಳುತ್ತದೆ. ಅತ್ತೆ ನೇಯ್ ತೆರಾವೊಯ್ ಅವರ ಕಾಲು ಊದಿತ್ತು. ಉಪ್ಪು ಬಿಡದಿದ್ದರೆ ಮುಂದಿನ ಹಡಗಿಗೆ ರಾಜಧಾನಿ ತರಾವಾದ ಆಸ್ಪತ್ರೆಗೆ ಕಳಿಸುತ್ತೇನೆ ಎಂದು ನರ್ಸ್ ಹೇಳಿಹೋಗಿದ್ದಳು. ಅಲ್ಲಿಗೆ ಹೋದ ಅತ್ತೆಯ ಅಕ್ಕ ತಿರುಗಿ ಬಂದದ್ದು ಪೆಟ್ಟಿಗೆಯಲ್ಲಿ. ಸತ್ತರೂ ಹಡಗು ಹತ್ತೆನೆಂದು ಅತ್ತೆ ಕೂತಿದ್ದರು.

ಯಂತ್ರದ ನೀರಿಗೆ ಉಪ್ಪು ಅಳೆಯುವ ಮೀಟರು ಅದ್ದಿದರೆ ಮೊದಲು ಅರವತ್ತು ತೋರಿಸುತ್ತಿತ್ತು. ಈಗ ಆರುನೂರು. ಎರಡು ಗಂಟೆಗೆ ತುಂಬುತ್ತಿದ್ದ ಬಕೆಟ್ ಒಂದೇ ಗಂಟೆಗೆ ತುಂಬುತ್ತಿತ್ತು. ಯಂತ್ರ ಹಳತಾದರೆ ಕಟ್ಟಿಕೊಂಡು ನಿಧಾನವಾಗಬೇಕಲ್ಲ? ಉಪ್ಪುನೀರು ಪಕ್ಕದಿಂದ ನುಸುಳದಂತೆ ಹಿಡಿಯುವ ರಬ್ಬರ್ ಉಂಗುರ ಬಿಚ್ಚಿ ನೋಡಿದೆ, ನೆಟ್ಟಗಿತ್ತು. ಹಾಗಾದರೆ ಉಪ್ಪು ತಡೆಯುವ ಮೆಂಬ್ರೇನೇ ಕೆಟ್ಟಿದೆ. ಮನೆಯಲ್ಲಿ ಹೊಸದು ಒಂದೇ ಇತ್ತು. ಕೆಟ್ಟದ್ದೇಕೆಂದು ತಿಳಿಯದೆ ಹಾಕಿದರೆ ಅದೂ ಹೋಗುತ್ತದೆ.

“ಹಾಕ್ಬಿಡು ಬೌರೋ,” ಎಂದಳು ಹೆಂಡತಿ ಟೋಕಾ. “ಎಷ್ಟೊತ್ತು ಅದರ ಹೊಟ್ಟೆ ಬಗೆದು ನೋಡ್ತೀಯಾ?”

“ನಿಂಗೇನ್ ಗೊತ್ತು? ಬಾಯ್ಮುಚ್ಚು.”

“ನಿಂಗೂ ಗೊತ್ತಿಲ್ಲ. ಅದಕ್ಕೇ ಕೂಗಾಡ್ತಿದೀಯ.”

ಒಂದೊಂದೇ ಕೊಳವೆ ಬಿಚ್ಚಿ ಮೂಸಿದೆ. ಮೆಂಬ್ರೇನಿಗೆ ಹೋಗುವ ಕೊಳವೆಯಲ್ಲಿ ಇಗರ್ಜಿಗೆ ಒಗೆದ ಬಿಳಿ ಬಟ್ಟೆಯ ವಾಸನೆ. ಬ್ಲೀಚು! ಬಾವಿಗೆ ಓಡಿದರೆ ಅತ್ತೆ ಕೈಯಲ್ಲಿ ಬಾಟಲಿ ಹಿಡಿದು ಬಾವಿಗೆ ಬಗ್ಗಿದ್ದರು.

“ಏನತ್ತೆ ಇದು! ಇದೇ ನೋಡಿ ನನ್ನ ಮೆಂಬ್ರೇನ್ ಸುಟ್ಟಿದ್ದು!”

“ಸುಡೋಕೆ ಇದೇನ್ ಬೆಂಕಿನಾ? ವಾರಕ್ಕೊಂದು ಮುಚ್ಚಳ ಹಾಕಿ ಅಂತ ನರ್ಸೇ ಹೇಳಿದ್ದು. ಹತ್ತು ವರ್ಷದಿಂದ ಪ್ರತಿ ಶನಿವಾರ ಹಾಕ್ತಿದೀನಿ. ನಿನ್ನ ಡಬ್ಬ ಬಂದು ಎರಡು ವರ್ಷ. ಇಷ್ಟು ದಿನ ಸುಡದಿದ್ದದ್ದು ಈಗ್ಯಾಕ್ ಸುಡ್ತು? ಹೇಳು.”

ಯಂತ್ರದ ಬಳಿಗೆ ವಾಪಸು ಓಡಿದೆ. ಇಡೀ ಬೆಳಿಗ್ಗೆ ನಾನು ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಅದು.

ಮೆಂಬ್ರೇನಿಗಿಂತ ಮೊದಲು ಇದ್ದಿಲಿನ ಫಿಲ್ಟರ್ ಇದೆ. ಬ್ಲೀಚನ್ನು ನುಂಗುವುದು ಅದರ ಕೆಲಸ. ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ನಾನು ಎರಡು ಸಲವೂ ಅದನ್ನು ತೊಳೆದು, ಮೀನಿನ ಬಲೆಯಂತೆ ಬಿಸಿಲಿಗೆ ಒಣಗಿಸಿ, ಮತ್ತೆ ಅದನ್ನೇ ತುರುಕಿದ್ದೆ. ಹೊಸದು ಕವರು ಹರಿಯದೆ ಮಂಚದ ಕೆಳಗಿತ್ತು. ಇದ್ದಿಲು ಸತ್ತಿತ್ತು, ಬ್ಲೀಚು ನೇರ ಮೆಂಬ್ರೇನಿಗೆ ಹೋಗಿ ತೂತು ಬೀಳಿಸಿತ್ತು. ಆ ತೂತಿನಿಂದಲೇ ನೀರು ಜೋರು, ಉಪ್ಪೂ ಜೋರು.

ಹೇಳದೆ ಸುಮ್ಮನೆ ಹೊಸದನ್ನು ಹಾಕಬಹುದಿತ್ತು. ಆದರೆ ಹಿಂದೆಯೇ ಬಂದ ಅತ್ತೆ ಬಾಗಿಲಲ್ಲೇ ನಿಂತಿದ್ದರು.

“ತಪ್ಪು ನಂದು,” ಎಂದೆ. “ಫಿಲ್ಟರ್ ಬದಲಿಸಲಿಲ್ಲ. ಉಳಿಸೋಣ ಅಂತ ಇಟ್ಟೆ.”

“ಯಾರಿಗೆ ಉಳಿಸ್ತಿದ್ದೆ? ನನ್ನ ತಿಥಿಗಾ?”

ಇದ್ದಿಲನ್ನೂ ಮೆಂಬ್ರೇನನ್ನೂ ಬದಲಿಸಿದೆ. ಮೊದಲ ಎರಡು ಬಕೆಟ್ ಚೆಲ್ಲಿದೆ. ಮೂರನೆಯದು ತೊಟ್ಟಿಕ್ಕಿ ತೊಟ್ಟಿಕ್ಕಿ ಬಂತು, ಮುದಿ ಆಮೆಯಂತೆ. ಮೀಟರು ನಲವತ್ತೊಂದು ತೋರಿಸಿತು. ಅತ್ತೆ ಒಂದು ಗುಟುಕು ಕುಡಿದು ಮುಖ ಕಿವುಚಿದರು.

“ಸಪ್ಪೆ.”

“ಸಪ್ಪೆ ಇದ್ರೇನೇ ನೀವು ಇಲ್ಲಿರ್ತೀರಿ.”

ಅವರು ಲೋಟ ಮುಂದೆ ಚಾಚಿದರು. “ಹಾಗಾದ್ರೆ ಇನ್ನೂ ಸ್ವಲ್ಪ ಹಾಕು.”