ಊದುವುದಲ್ಲ, ಕೇಳುವುದು

ಜೆರುಸಲೇಮಿನ ಆ ಓಣಿಯ ಪುಟ್ಟ ಪ್ರಾರ್ಥನಾಮಂದಿರದಲ್ಲಿ ಯೆಹೂದಿ ಹೊಸ ವರ್ಷದ ಬೆಳಿಗ್ಗೆ ಟಗರಿನ ಕೊಂಬು ಊದುವವನು ಒವಾದಿಯ. ಊದಿ ಮುಗಿದ ಮೇಲೆ ಜನ ಮುತ್ತಿಕೊಂಡು ಕೈಕುಲುಕುತ್ತಿದ್ದರು, ಬೆನ್ನು ತಟ್ಟುತ್ತಿದ್ದರು. ಹೆಂಡತಿ ಸಿಮ್ಹಾ ತೀರಿಕೊಂಡ ಮೇಲೆ ಮನುಷ್ಯರ ಕೈ ಅವನಿಗೆ ತಾಗುತ್ತಿದ್ದುದು ಆ ಹಬ್ಬದಲ್ಲಿ ಮಾತ್ರ. ಉಳಿದ ದಿನ ಅವನಾಯಿತು, ಅವನ ಒಲೆಯಾಯಿತು.

ಕಳೆದ ಚಳಿಗಾಲದಲ್ಲಿ ಅವನ ಎರಡೂ ಕಿವಿ ಪೂರ್ತಿ ಹೋದವು. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಲು ಅವನನ್ನು ಮಾತಾಡಿಸುವವರಾದರೂ ಯಾರಿದ್ದರು? ತುಟಿ ನೋಡಿ ತಲೆಯಾಡಿಸುತ್ತ ಕಾಲ ಹಾಕಿದ. ಊದಲು ಉಸಿರಿದ್ದರೆ ಸಾಕು, ಕಿವಿ ಏಕೆ ಎಂದು ತನಗೆ ತಾನೇ ಹೇಳಿಕೊಂಡ. ಅದು ಸುಳ್ಳೆಂದು ಅವನಿಗೂ ಗೊತ್ತಿತ್ತು. ವಿಧಿಯಿರುವುದು ಕೊಂಬು ಊದಬೇಕೆಂದಲ್ಲ, ಕೇಳಬೇಕೆಂದು. ತನಗೇ ಕೇಳಿಸದವನು ಊದಿದರೆ ಉಳಿದವರು ಕೇಳಿದ್ದೂ ಲೆಕ್ಕಕ್ಕಿಲ್ಲ. ಪ್ರಾರ್ಥನೆಯಲ್ಲಿ 'ಶೆಮಾ', ಅಂದರೆ 'ಕೇಳು', ಎಂದಿರುವಾಗ ಕಿವಿಗೆ ಬಿದ್ದರೆ ಸಾಲದು, ಕೇಳಿದಂತೆ ನಡೆಯಬೇಕು ಎಂದು ಅಪ್ಪ ಅವನ ಕಿವಿ ಹಿಂಡಿಯೇ ಕಲಿಸಿದ್ದ.

ಈ ವರ್ಷದ ಹಬ್ಬದ ಬೆಳಿಗ್ಗೆ ಕೊಂಬು ಹಿಡಿದು ವೇದಿಕೆ ಹತ್ತಿದ. ಪಕ್ಕದಲ್ಲಿ ಮಂದಿರದ ಉಸ್ತುವಾರಿ ಶಬ್ತಾಯಿ. ಎದುರಿಗೆ, ಆಸ್ಪತ್ರೆಯಿಂದ ಹಟ ಮಾಡಿ ಬಂದಿದ್ದ ಮುದುಕ ಎಜ್ರಾ ಕಣ್ಣುಮುಚ್ಚಿ ಕಾಯುತ್ತಿದ್ದ. ಈ ಸಲ ಬಿಟ್ಟರೆ ಇನ್ನೊಂದು ಹಬ್ಬ ಕಾಣುವ ಹಾಗಿರಲಿಲ್ಲ ಅವನು. ತುಟಿಗೆ ತಂದ ಕೊಂಬನ್ನು ಒವಾದಿಯ ಕೆಳಗಿಳಿಸಿದ.

"ಶಬ್ತಾಯಿ, ನನ್ ಕೈಲಿ ಆಗಲ್ಲಪ್ಪ."

"ಹಬ್ಬದ ದಿನ ಏನಯ್ಯಾ ನಿನ್ ನಖರಾ, ಊದು," ಎಂದವು ಶಬ್ತಾಯಿಯ ತುಟಿಗಳು.

"ನಂಗೆ ಕಿವಿ ಕೇಳ್ಸಲ್ಲ. ಒಂಚೂರೂ. ಚಳಿಗಾಲದಿಂದ."

"ಮೊದ್ಲೇ ಬೊಗಳೋಕೆ ಏನಾಗಿತ್ತು ನಿಂಗೆ?"

"ಹೇಳಿದ್ರೆ ಇವತ್ತೂ ಯಾರೂ ಹತ್ರ ಬರ್ತಿರ್ಲಿಲ್ವಲ್ಲೋ."

ತರಕಾರಿ ಮಾರುವ ಗಮ್ಲಿಯೇಲ ಕೊಂಬು ತೆಗೆದುಕೊಂಡ. ಅವನ ಕೆನ್ನೆ ಉಬ್ಬಿದ್ದನ್ನೂ ಎಜ್ರಾನ ಕಣ್ಣಲ್ಲಿ ನೀರು ಇಳಿದದ್ದನ್ನೂ ಒವಾದಿಯ ನೋಡಿದ. ಮುಗಿದ ಮೇಲೆ ಜನ ಗಮ್ಲಿಯೇಲನನ್ನು ಮುತ್ತಿದರು. ಒವಾದಿಯ ಶಾಲು ಮಡಚಿ ಮನೆಗೆ ಬಂದು, ರೂಢಿಯಂತೆ ಚಿಲಕ ಹಾಕಿ, ಖರ್ಜೂರದ ತಟ್ಟೆ ಮುಂದಿಟ್ಟುಕೊಂಡು ಬಾಗಿಲ ಕಡೆ ಮುಖ ಮಾಡಿ ಕೂತ. ಒಬ್ಬರಾದರೂ ಬಂದಾರು ಎಂಬ ಆಸೆ ಬಿಟ್ಟಿರಲಿಲ್ಲ.

ಶಬ್ತಾಯಿ ಬಂದ. ಕುಂಟುತ್ತ ಅಷ್ಟು ದೂರ ಬಂದವನು ಅಲುಗದ ಆ ದಪ್ಪ ಬಾಗಿಲನ್ನು ಬಡಿದೇ ಬಡಿದ. "ತೆಗಿಯೋ, ಊಟಕ್ಕೆ ಕರೀತಾ ಇದ್ದಾರೆ ನಮ್ಮನೇಲಿ. ಬೈದಿದ್ದು ತಪ್ಪಾಯ್ತೋ." ಕಿವುಡನ ಬಾಗಿಲಲ್ಲಿ ನಿಂತು ಕೂಗುತ್ತಿದ್ದೇನೆಂದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ. ಕೋಪ ಇಳಿದಿಲ್ಲ ಎಂದುಕೊಂಡು ಹೊರಟುಹೋದ.

ಒಳಗೆ ಒವಾದಿಯ ಬಾಗಿಲನ್ನೇ ನೋಡುತ್ತ, ಯಾರೂ ಬರಲಿಲ್ಲವಲ್ಲ ಎಂದು ಅಳುತ್ತಿದ್ದ.