ಅಕ್ಕನ ಎಡಗಾಲು

ಅಕ್ಕನ ಎಡಗಾಲಿಗೆ ಅಕ್ಕನ ಮೇಲೆ ಅದೇನು ಸಿಟ್ಟಿತ್ತೋ ಗೊತ್ತಿಲ್ಲ. ಹೈಸ್ಕೂಲಿನಲ್ಲಿ ಶಟಲ್ ಆಡುವಾಗ ಒಮ್ಮೆ ಉಳುಕಿದ ಪಾದದ ಕೀಲು ಮತ್ತೆ ಅವಳ ಮಾತು ಕೇಳಲೇ ಇಲ್ಲ. ಊತ ಇಳಿಯಿತು, ನೋವೂ ಹೋಯಿತು, ಆ ಕಾಲಿನ ಮೇಲಿನ ನಂಬಿಕೆ ಮಾತ್ರ ವಾಪಸು ಬರಲಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಮಾತಾಡುತ್ತಾ ಹೋಗುವಾಗಲೂ ಪಾದ ಇದ್ದಕ್ಕಿದ್ದಂತೆ ಒಳಕ್ಕೆ ಹೊರಳಿಬಿಡುತ್ತಿತ್ತು. ಅವಳು ಕೂಗುವವಳಲ್ಲ. ನಿಂತು, ತುಟಿ ಕಚ್ಚಿ, ಏನೂ ಆಗಿಲ್ಲವೆಂಬಂತೆ ಕೂದಲು ಸರಿಮಾಡಿಕೊಳ್ಳುತ್ತಿದ್ದಳು.

ನಮ್ಮ ಮನೆಯಲ್ಲಿ ಇದನ್ನು ಕಾಯಿಲೆಯೆಂದು ಯಾರೂ ಒಪ್ಪಲಿಲ್ಲ. ಅಪ್ಪ ಅಂಗಡಿಗಳ ರೋಲಿಂಗ್ ಶಟರ್ ರಿಪೇರಿ ಮಾಡುವವನು. ಜಗತ್ತಿನ ಎಲ್ಲ ತೊಂದರೆಗೂ ಅವನ ಬಳಿ ಇರುವ ಔಷಧ ಎಣ್ಣೆಯೊಂದೇ. "ಕೀಲು ಅಂದ್ಮೇಲೆ ಸ್ವಲ್ಪ ಸಡಿಲ ಇರ್ಲೇಬೇಕು, ಬಿಗಿಯಾದ್ರೆ ಕಿರ್ ಅನ್ನುತ್ತೆ," ಎನ್ನುತ್ತಾ ತಿಕ್ಕುತ್ತಿದ್ದ. ಅಮ್ಮ ಬಸ್ ಕಂಡಕ್ಟರ್. ಓಲಾಡುವ ಬಸ್ಸಿನಲ್ಲಿ ದಿನವಿಡೀ ನಿಂತೇ ಇರುವವಳಿಗೆ, ಮಗಳು ಸಮನಾದ ನೆಲದ ಮೇಲೆ ಮುಗ್ಗರಿಸುವುದು ಶುದ್ಧ ಸೋಗಾಗಿ ಕಾಣುತ್ತಿತ್ತು. ಕೋಚ್ ಅಂತೂ "ಉಳುಕು ತಾನೆ, ಟೇಪ್ ಸುತ್ಕೊಂಡು ಆಡು" ಎಂದು ಕೈ ತೊಳೆದುಕೊಂಡಿದ್ದರು. ಕಾಲು ಮುರಿದಿದ್ದರೆ ಎಲ್ಲರೂ ಓಡಿಬರುತ್ತಿದ್ದರು. ಉಳುಕಿದರೆ ಉಪದೇಶ ಮಾತ್ರ ಸಿಗುತ್ತದೆ.

ಅಕ್ಕನೂ ನಾನೂ ಡಬಲ್ಸ್ ಜೋಡಿ. ಅವಳದು ಬಲಗೈ ಆಟ, ನಾನು ಎಡಚಿ. ಬಲಗೈಯವರಿಗೆ ಕೋರ್ಟಿನ ಎಡ ಹಿಂಬದಿಯ ಮೂಲೆ ಬಲು ಕಷ್ಟದ ಜಾಗ. ಅಲ್ಲಿಗೆ ಬಂದ ಶಟಲನ್ನು ತಲೆಯ ಮೇಲಿಂದ ಹೊಡೆಯಬೇಕಾದರೆ ಹಿಂದಕ್ಕೆ ಹಾರಿ, ಮೈಭಾರವನ್ನೆಲ್ಲ ಎಡಗಾಲಿನ ಮೇಲೆ ಇಳಿಸಬೇಕು. ಅಕ್ಕನಿಗೆ ಅದು ಕಣ್ಣು ಮುಚ್ಚಿ ಬಾವಿಗೆ ಹಾರಿದ ಹಾಗೆ. ನನಗೋ ಆ ಮೂಲೆ ನನ್ನ ಎಡಗೈಯ ಪಕ್ಕದಲ್ಲೇ ಇತ್ತು. "ಆ ಮೂಲೆಗೆ ಬಂದಿದ್ದೆಲ್ಲಾ ನಿಂದೇ," ಎಂದು ಕೋಚ್ ಹೇಳಿಬಿಟ್ಟರು. ಅಂದಿನಿಂದ ನಾನು ಕೋರ್ಟಿನ ಯಾವ ತುದಿಯಲ್ಲಿದ್ದರೂ ಶಟಲ್ ಆ ಕಡೆ ಏರಿದರೆ ಸಾಕು, ಯೋಚನೆಗೆ ಮೊದಲೇ ಕಾಲು ಹೊರಡುತ್ತಿತ್ತು. ನೋಡುವವರು "ಎಡಚಿಗೆ ಇಡೀ ಕೋರ್ಟೇ ಬೇಕು, ಪಾಪ ಅಕ್ಕನಿಗೆ ಆಡೋಕೇ ಬಿಡಲ್ಲ" ಎಂದು ನಗುತ್ತಿದ್ದರು. ನಗಲಿ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಅಕ್ಕನ ಕಾಲಿನ ಗುಟ್ಟು ಎದುರಾಳಿಗೆ ತಿಳಿದರೆ ಒಂದು ಶಟಲೂ ಬೇರೆ ಕಡೆ ಬರುತ್ತಿರಲಿಲ್ಲ.

ನಮಗಿದ್ದ ಆಸೆ ಒಂದೇ. ವರ್ಷಕ್ಕೊಮ್ಮೆ ನಡೆಯುವ ಆಯ್ಕೆ ಪಂದ್ಯದಲ್ಲಿ ಗೆದ್ದ ಜೋಡಿಯನ್ನು ದೊಡ್ಡ ಶಿಬಿರಕ್ಕೆ ಕರೆದುಕೊಳ್ಳುತ್ತಾರೆ. ಅಲ್ಲಿಂದ ದೊಡ್ಡ ತಂಡ. ಹಾಸಿಗೆಯಲ್ಲಿ ಪಕ್ಕಪಕ್ಕ ಮಲಗಿ, ಒಂದೇ ಹೊದಿಕೆಗೆ ಕಿತ್ತಾಡುತ್ತಾ, ನಾವು ಮಾತಾಡುತ್ತಿದ್ದುದು ಅದನ್ನೇ. ಹೋದರೆ ಇಬ್ಬರೂ ಹೋಗುವುದು, ಇಲ್ಲದಿದ್ದರೆ ಇಬ್ಬರೂ ಶಟರ್‌ಗೆ ಎಣ್ಣೆ ಹಾಕುವುದು.

ಆ ವರ್ಷ ಅಕ್ಕ ನನಗೆ ಹೇಳದೆ ಒಂದು ಕೆಲಸ ಮಾಡಿದಳು. ಅಪ್ಪ ಶಟರ್ ಕೂರಿಸಿಕೊಟ್ಟಿದ್ದ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಅವಳೇ ಹೋಗಿ ಕಾಲು ತೋರಿಸಿದಳು. ಅಲ್ಲಿಯವರು ಹೇಳಿಕೊಟ್ಟದ್ದನ್ನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಮಾಡಿದಳು. ಮಡಿಸಿದ ದಿಂಬಿನ ಮೇಲೆ ಎಡಗಾಲೊಂದರಲ್ಲೇ ಕಣ್ಣುಮುಚ್ಚಿ ನಿಲ್ಲುವುದು, ರಬ್ಬರ್ ಪಟ್ಟಿಗೆ ಪಾದ ಸಿಕ್ಕಿಸಿ ಹೊರಕ್ಕೆ ಎಳೆಯುವುದು, ಹಿಮ್ಮಡಿ ಎತ್ತಿ ಇಳಿಸುವುದು. ಅವಳು ಒಳಗೆ ಹೋದರೆ ಬೇಗ ಈಚೆ ಬರುವುದಿಲ್ಲವೆಂದು ಅಮ್ಮ ದಿನಾ ಬಾಗಿಲು ಬಡಿದು ಬೈಯುತ್ತಿದ್ದಳು. ದಿಂಬು ಒದ್ದೆಯಾಗಿರುವುದು ಯಾಕೆಂದು ನಾನೂ ಬೈದಿದ್ದೆ. ಕೀಲು ಗಟ್ಟಿಯಾಗುತ್ತಿದೆಯೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಆಯ್ಕೆಯ ಕೊನೆಯ ಪಂದ್ಯ. ಮೂರನೆಯ ಗೇಮ್, ಅಂಕ ಸರಿಸಮ. ಎದುರಿನವರು ಶಟಲನ್ನು ಎತ್ತರಕ್ಕೆ, ಆ ಎಡಮೂಲೆಗೇ ಎತ್ತಿದರು. ನಾನು ಬಲಗಡೆ ಮುಂದಿದ್ದೆ. ಕಣ್ಣು ಶಟಲಿನ ಮೇಲೆ, ಕಾಲು ಮೂಲೆಗೆ. ಅಕ್ಕ ಅಲ್ಲಿಂದ ಸರಿಯುತ್ತಾಳೆ ಎಂಬುದು ನನಗೆ ಉಸಿರಾಟದಷ್ಟೇ ಸಹಜವಾಗಿತ್ತು. ಅವಳು ಸರಿಯಲಿಲ್ಲ, ಹಾರಿದಳು. ಅಷ್ಟು ಚೆನ್ನಾಗಿ ಹಾರಿದ್ದನ್ನು ನಾನು ನೋಡಿಯೇ ಇರಲಿಲ್ಲ, ಆ ದಿನವೂ ನೋಡಲಿಲ್ಲ. ನಾನು ಎಡಗಾಲು ಊರಿದ್ದೇ ತಡ, ಮೇಲಿಂದ ಇಳಿದ ಅವಳ ಬಲಗಾಲು ನನ್ನ ಮಂಡಿಯ ಹೊರಬದಿಗೆ ಬಡಿಯಿತು. ಒಳಗೆ ಏನೋ ಟಪ್ಪೆಂದಿತು. ಮಂಡಿ ಬಗ್ಗಬಾರದ ಕಡೆಗೆ ಬಗ್ಗಿತು.

ನೆಲದಲ್ಲಿ ಬಿದ್ದವಳಿಗೆ ಮೊದಲು ಕಂಡದ್ದು ಅಕ್ಕನ ಎಡಪಾದ. ಮರದ ನೆಲದ ಮೇಲೆ ಗಟ್ಟಿಯಾಗಿ ಊರಿ ನಿಂತಿತ್ತು, ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಆ ನೋವಿನಲ್ಲೂ ನನಗೆ ಹೊಟ್ಟೆ ಉರಿಯಿತು.

"ಹೇಳ್ಬಾರ್ದಿತ್ತಾ?" ಎಂದು ಆಸ್ಪತ್ರೆಯಲ್ಲಿ ಕೇಳಿದೆ.

"ಹೇಳೋದಲ್ಲ, ತೋರಿಸ್ಬೇಕು ಅಂತಿದ್ದೆ ಕಣೇ," ಎಂದಳು. "ಇನ್ಮೇಲೆ ನನ್ನ ಪಾಲಿಂದೂ ಓಡೋದು ನಿಂಗೆ ತಪ್ಪುತ್ತೆ ಅಂತ." ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. ಬೈಯಬೇಕೆಂದುಕೊಂಡಿದ್ದವಳು ಮುಖ ಒರೆಸಿಕೋ ಎಂದು ನನ್ನ ಟವೆಲ್ ಕೊಟ್ಟೆ.

ಮಂಡಿಯ ಆಪರೇಷನ್ ಆಯಿತು. ಪಂದ್ಯ ನಮ್ಮ ಕೈತಪ್ಪಿದರೂ ಆಯ್ಕೆಗಾರರು ಅಕ್ಕನನ್ನು ಬಿಡಲಿಲ್ಲ. ಆ ಮೂಲೆಯಲ್ಲಿ ಅವಳು ಹಾರಿ ಇಳಿದದ್ದು ಅವರ ಮನಸ್ಸಿಗೆ ಹಿಡಿಸಿತ್ತಂತೆ. ಶಿಬಿರಕ್ಕೆ ಬಾ, ಬೇರೆ ಜೊತೆಗಾರ್ತಿಯನ್ನು ಕೊಡುತ್ತೇವೆ ಎಂದರು. ಅಕ್ಕ ಹೋಗುವುದಿಲ್ಲವೆಂದು ಹಟ ಹಿಡಿದಳು.

ಹೊಲಿಗೆ ಬಿಚ್ಚಿದ ದಿನ ಅಪ್ಪ ಔಷಧಿ ಅಂಗಡಿಯ ಸಾಲಿನಲ್ಲಿದ್ದ. ಡಾಕ್ಟರು ನನ್ನ ಮಂಡಿಯನ್ನು ಮಡಿಸಿ, ಚಾಚಿ ನೋಡಿ, ಕನ್ನಡಕ ತೆಗೆದಿಟ್ಟರು. "ನಡೀಬಹುದು, ಮೆಟ್ಲು ಹತ್ತಬಹುದು, ಸೈಕಲ್ ತುಳೀಬಹುದು. ಆದ್ರೆ ಹಾರೋದು, ಗಕ್ಕಂತ ತಿರುಗೋದು ಇನ್ನು ಬೇಡಮ್ಮ. ಒಳಗಿನ ಮೆತ್ತೆನೇ ಉಳಿದಿಲ್ಲ. ಆಟ ಮರ್ತುಬಿಡು." ನಾನು ತಲೆಯಾಡಿಸಿದೆ. ಹೊರಗೆ ಬಂದು ಅಪ್ಪನಿಗೆ, "ಏಳೆಂಟು ತಿಂಗ್ಳು ಹಿಡಿಯುತ್ತಂತೆ," ಎಂದೆ. ಮನೆಗೆ ಬಂದು ಅಕ್ಕನಿಗೂ ಅದನ್ನೇ ಹೇಳಿದೆ.

"ನೀ ಮೊದ್ಲು ಹೋಗು. ನಾನು ಹಿಂದಿಂದ ಬರ್ತೀನಿ."

"ನಿಜವಾಗ್ಲೂ?"

"ಬರದೆ ಎಲ್ಲಿಗೆ ಹೋಗ್ತೀನಿ? ಇಲ್ಲಿದ್ರೆ ಅಪ್ಪ ನನ್ನ ಮಂಡಿಗೂ ಎಣ್ಣೆ ಹಾಕಿ ಸಾಯಿಸ್ತಾನೆ."

ನಕ್ಕಳು, ಹೋದಳು. ನಮ್ಮಿಬ್ಬರಲ್ಲಿ ಒಬ್ಬಳಾದರೂ ಆಡುತ್ತಾಳೆ ಎಂಬುದನ್ನೇ ಹಿಡಿದುಕೊಂಡು ನಾನು ಊರುಗೋಲಿನಿಂದ ಗೋಡೆಗೆ, ಗೋಡೆಯಿಂದ ಆಸರೆಯಿಲ್ಲದ ನಡಿಗೆಗೆ ಬಂದೆ. ಅವಳ ಫೋನ್ ಬಂದಾಗಲೆಲ್ಲ ಮಂಡಿ ದಿನದಿನಕ್ಕೆ ವಾಸಿಯಾಗುತ್ತಿದೆ ಎಂದು ಹೇಳುತ್ತಿದ್ದೆ. ಹೊಸ ಜೊತೆಗಾರ್ತಿ ಹೇಗಿದ್ದಾಳೆ ಎಂದು ಕೇಳಿದರೆ, "ತನ್ನ ಜಾಗದಲ್ಲಿ ತಾನಿರ್ತಾಳೆ," ಎನ್ನುತ್ತಿದ್ದಳು. ಹೊಗಳಿಕೆಯೆಂದೇ ತಿಳಿದೆ.

ಐದಾರು ತಿಂಗಳ ಮೇಲೆ ಒಂದು ಮಧ್ಯಾಹ್ನ ಅಕ್ಕ ಬ್ಯಾಗ್ ಹೊತ್ತು ಕುಂಟುತ್ತಾ ಬಂದಳು. ಎಡಪಾದಕ್ಕೆ ದಪ್ಪ ಪಟ್ಟಿ. "ಮತ್ತೆ ಹೊರಳ್ತು ಅಪ್ಪ. ಶಿಬಿರದವ್ರು ಮನೆಗೆ ಕಳ್ಸಿದ್ರು." ಅಪ್ಪ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಎಣ್ಣೆ ಬಾಟಲಿ ಹುಡುಕಿದ. ಜಗಲಿಯಲ್ಲಿ ಕೂರಿಸಿ, ಪಟ್ಟಿ ಬಿಚ್ಚಿ ತಿಕ್ಕತೊಡಗಿದ. "ಊತನೇ ಇಲ್ವಲ್ಲ," ಎಂದ. "ಒಳಗಿದೆ," ಎಂದಳು. ಅವನು ಒತ್ತಿದಲ್ಲೆಲ್ಲ "ಆಹ್, ಅಮ್ಮಾ" ಎಂದು ನರಳಿದಳು.

ಅಲ್ಲೇ ಸಿಕ್ಕಿಬಿದ್ದಳು. ಇವಳ ಕಾಲು ಹೊರಳುವುದನ್ನು ನನ್ನಷ್ಟು ನೋಡಿದವರಿಲ್ಲ. ನಿಜವಾಗಿ ನೋವಾದಾಗ ಇವಳಿಂದ ಒಂದು ಸೊಲ್ಲು ಹೊರಟದ್ದಿಲ್ಲ.

ಅಪ್ಪ ಕೆಲಸಕ್ಕೆ ಮರಳಿದ ಮೇಲೆ ಅವಳನ್ನು ಕೋಣೆಗೆ ಕರೆದು ಬಾಗಿಲು ಹಾಕಿದೆ.

"ಎಡಗಾಲಲ್ಲಿ ನಿಂತ್ಕೋ."

"ಏನೇ ಇದು?"

"ನಿಂತ್ಕೋ ಅಂದೆ."

ನಿಂತಳು. ಕಣ್ಣು ಮುಚ್ಚು ಎಂದೆ, ಮುಚ್ಚಿದಳು. ಗೋಡೆಗೆ ಬಡಿದ ಮೊಳೆಯ ಹಾಗೆ ನಿಂತಿದ್ದಳು.

"ನನ್ನ ಮಂಡಿ ಹೋಗಿದ್ದು ಈ ಕಾಲು ಸರಿಯಾಗಿದ್ದಕ್ಕೆ," ಎಂದೆ. "ಈಗ ಅದನ್ನೂ ಸುಳ್ಳು ಮಾಡ್ತೀಯಾ? ನಾಚ್ಕೆ ಆಗಲ್ವಾ ನಿಂಗೆ?"

ಅಕ್ಕ ಕಾಲು ಕೆಳಗಿಟ್ಟು ಹಾಸಿಗೆಯ ಮೇಲೆ ಕುಳಿತಳು. ಸಿಕ್ಕಿಬಿದ್ದವಳ ಮುಖವಲ್ಲ ಅದು. ಒಂಥರಾ ಹಗುರಾಗಿತ್ತು. "ನೀನಿಲ್ದೆ ನನ್ ಕೈಲಿ ಆಗ್ಲಿಲ್ಲ ಕಣೇ. ಶಟಲ್ ಮೇಲೆದ್ರೆ ಸಾಕು, ನೀ ಓಡಿ ಬರ್ತೀಯ ಅಂತ ತಿರುಗಿ ನೋಡ್ತಿದ್ದೆ. ನೋಡೋ ಅಷ್ಟರಲ್ಲಿ ಬಿದ್ದೋಗ್ತಿತ್ತು. ಜಾಗ ಬಿಟ್ಟು ಬಂದೆ, ಅಲ್ಲಿ ಬೇರೆಯವ್ಳನ್ನ ತಗೊಂಡ್ರು. ಹೋಗ್ಲಿ ಬಿಡು. ಮುಂದಿನ ವರ್ಷ ನಿನ್ನ ಮಂಡಿ ಸರಿಯಾಗಿರುತ್ತೆ. ಇಬ್ರೂ ಜೊತೇಲಿ ಹೋಗೋಣ. ಅಲ್ಲೀವರೆಗೂ ಕಾಯ್ತೀನಿ."

ಇವಳು ವಾಪಸು ಬಂದದ್ದು ನನಗಾಗಿ, ನಾನೇ ಫೋನಿನಲ್ಲಿ ದಿನದಿನವೂ ವಾಸಿಮಾಡುತ್ತಿದ್ದ ಮಂಡಿಗಾಗಿ.

"ಅಕ್ಕಾ," ಎಂದೆ. "ನಾನಿನ್ನು ಆಡೋ ಹಾಗಿಲ್ಲ."

"ಇನ್ನೂ ಎರಡು ತಿಂಗ್ಳು ತಾನೆ?"

"ಎರಡು ತಿಂಗ್ಳಲ್ಲ. ಯಾವತ್ತೂ ಇಲ್ಲ. ಡಾಕ್ಟರು ಹೇಳಿದ್ರು."

"ಯಾವಾಗ?"

"ಹೊಲಿಗೆ ಬಿಚ್ಚಿದ ದಿನ. ನೀ ಹೊರಡೋಕೆ ಮುಂಚೆ."

ಅವಳು ನನ್ನ ಮಂಡಿಯನ್ನು ನೋಡಿದಳು, ನನ್ನ ಮುಖ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಎದ್ದು, ಬಾಗಿಲು ತೆಗೆದು, ಜಗಲಿಯನ್ನು ದಾಟಿ, ಮೆಟ್ಟಿಲಿಳಿದು ನೇರ ರಸ್ತೆಗೆ ನಡೆದಳು. ಕುಂಟುವುದು ಅವಳಿಗೆ ನೆನಪೇ ಆಗಲಿಲ್ಲ.

ಅಂಗಳದಲ್ಲಿ ಶಟರಿನ ಸ್ಪ್ರಿಂಗ್ ಸುತ್ತುತ್ತಿದ್ದ ಅಪ್ಪ ತಲೆಯೆತ್ತಿ ನೋಡಿದ. ಅವನ ಮುಖ ಅರಳಿತು.

"ನೋಡಿದ್ಯಾ," ಎಂದು, ಅವಳ ಹಿಂದೆ ಜಗಲಿಗೆ ಬಂದಿದ್ದ ನನ್ನತ್ತ ತಿರುಗಿದ. "ಒಂದೇ ಸಲ ಎಣ್ಣೆ ಹಾಕಿದ್ದು. ಹೆಂಗೆ ನಡೀತಿದ್ದಾಳೆ ನೋಡು."