ಮೇಲಿನ ಹೆಸರು

ಪರದೆಯ ಮೇಲೆ ಅದೇ ಕೆಂಪು ಸಾಲು ಮೂರನೆಯ ಸಲ ಬಂತು: ಈ ಪಟ್ಟಿ ಕಳಿಸಲು ನಿಮಗೆ ಅನುಮತಿ ಇಲ್ಲ. ಯಶೋಧರಾ ಗೋಡೆ ಗಡಿಯಾರ ನೋಡಿದಳು. ನಾಲ್ಕು ಗಂಟೆ ಹತ್ತು ನಿಮಿಷ. ಐದಕ್ಕೆ ಶಿಬಿರದ ಪಟ್ಟಿ ಮುಚ್ಚುತ್ತದೆ.

ಅಂಕಪಟ್ಟಿಯ ಜೆರಾಕ್ಸ್‌ಗಳಿದ್ದ ಪ್ಲಾಸ್ಟಿಕ್ ಕವರನ್ನು ಎದೆಗೆ ಅವಚಿಕೊಂಡು ಪವಿತ್ರ ಬಾಗಿಲ ಬಳಿ ನಿಂತಿದ್ದಳು. ಮೈಸೂರಿನ ಆ ಶಿಬಿರಕ್ಕೆ ಹೋದ ಹುಡುಗಿಯರಲ್ಲೇ ನರ್ಸಿಂಗ್ ತರಬೇತಿಗೆ ಆರಿಸುವುದು, ಹಾಸ್ಟೆಲ್ ಸಮೇತ. ಬರುವ ವರ್ಷಕ್ಕೆ ಅವಳಿಗೆ ವಯಸ್ಸು ಮೀರುತ್ತದೆ.

"ಆಯ್ತಾ ಅಕ್ಕಾ?"

"ಇರು ಪವಿತ್ರ."

ತಪ್ಪು ಯಾರದೆಂದು ಯಶೋಧರಾಗೆ ಗೊತ್ತಿತ್ತು. ಯುವಜನ ಬಳಗದ ಶಾಖೆಗಳೆಲ್ಲ ಇನ್ನು ಕಂಪ್ಯೂಟರಿನಲ್ಲೇ ವ್ಯವಹರಿಸಬೇಕೆಂದು ಎರಡು ಸಾವಿರದ ಆರರಲ್ಲಿ ಬೆಂಗಳೂರಿನ ಕಚೇರಿ ಹೇಳಿದಾಗ, ನಂಜನಗೂಡಿನ ಮುಖ್ಯ ನಾಯಕಿಯೆಂದು ದಾಖಲಾದದ್ದು ಅವಳ ಹೆಸರೇ. ಹಗಲು ವಕೀಲರೊಬ್ಬರ ಬಳಿ ಟೈಪಿಂಗ್, ಸಂಜೆ ಕಾಲೇಜು. ಕೀಲಿಮಣೆ ಬಲ್ಲವಳು ಅವಳೊಬ್ಬಳೇ. ಆದರೆ ತನ್ನ ಹೆಸರು ಮೇಲೆ, ದೊಡ್ಡಮಾದಯ್ಯ ಮೇಷ್ಟ್ರ ಹೆಸರು ಕೆಳಗೆ! ಬದನವಾಳಿನಲ್ಲಿ ನೇಯ್ಗೆ ಕಲಿಸುತ್ತಲೇ ಇಪ್ಪತ್ತು ವರ್ಷ ಬಳಗವನ್ನು ಹೊತ್ತು ನಡೆದವರು ಅವರು. ಕರಪತ್ರದಲ್ಲೂ ಹಿರಿಯರ ಹೆಸರಿನ ಮೇಲೆ ಕಿರಿಯರದು ಅಚ್ಚಾಗುವುದುಂಟೇ? ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಮೇಷ್ಟ್ರನ್ನು ಮುಖ್ಯ ನಾಯಕರನ್ನಾಗಿ ಮಾಡಿ, ತಾನು ಸಹಾಯಕಿಯಾಗಿ ಕೆಳಗಿಳಿದಳು. ಮನಸ್ಸು ಹಗುರಾಯಿತು. ಸಹಾಯಕಿ ಹಾಜರಿಯನ್ನಷ್ಟೇ ತುಂಬಬಹುದು, ಹೆಸರು ಕಳಿಸುವುದೂ ಸ್ಥಾನ ಬದಲಿಸುವುದೂ ಮೇಲಿನವರಿಗೆ ಮಾತ್ರ ಎಂಬುದು ತಿಳಿದದ್ದು ಇವತ್ತು.

ಹೇಳಿಕಳಿಸಿದ್ದಕ್ಕೆ ಮೇಷ್ಟ್ರು ಪಕ್ಕದ ಬೀದಿಯ ಮನೆಯಿಂದ ಸೈಕಲ್ ತುಳಿದುಕೊಂಡು ಬಂದರು. ಬಳಗದ ಕೋಣೆಯಲ್ಲಿದ್ದದ್ದು ಒಂದೇ ಕುರ್ಚಿ. ಯಶೋಧರಾ ಥಟ್ಟನೆ ಎದ್ದಳು, ಅವರು ಕೂತರು.

"ನಾನೇ ನಾಯ್ಕ ಅಂದ್ಮೇಲೆ ನಾನ್ ಏಳುದ್ರೆ ಸಾಲ್ದೇನವ್ವಾ? ಬರ್ಕೋ, ಪವಿತ್ರ ಓಗ್ಲಿ."

"ಅದು ಬಾಯಿಮಾತು ಕೇಳಲ್ಲ ಮೇಷ್ಟ್ರೇ. ನಿಮ್ಮ ಪಾಸ್‌ವರ್ಡ್ ಬೇಕು. ಕವರಲ್ಲಿ ಚೀಟಿ ಬಂದಿತ್ತಲ್ಲ?"

"ಬಂದಿತ್ತು. ಯಾರ್ಗೂ ತೋರುಸ್ಬ್ಯಾಡಿ ಅಂತ ಅದ್ರಲ್ಲೇ ಬರ್ದಿತ್ತು ಕಣವ್ವ. ಓದ್ಕಂಡು ಒಲೆಗಾಕ್ದೆ."

"ಸುಟ್ಟಾಕ್ಬುಟ್ರಾ ತಾತ?" ಪವಿತ್ರಳಿಗೆ ನಗು ಬಂತು, ಅರ್ಧಕ್ಕೇ ನಿಂತಿತು.

"ಇನ್ನೇನ್ ಫ್ರೇಮ್ ಆಕುಸ್ಲಾ? ಮೊದ್ಲು ಇಂಗ್ಲೀಸ್ ಎನ್ನು, ಆಮ್ಯಾಕೆ ಏಳೋ ಒಂಬತ್ತೋ..."

ಒಂದೇ ಬೆರಳಿನಿಂದ ಒತ್ತಿದರು. ಅಲ್ಲ. ಮತ್ತೊಮ್ಮೆ. ಅಲ್ಲ. ಮೂರನೆಯ ಸಲಕ್ಕೆ ಅವರ ಖಾತೆಗೇ ಬೀಗ ಬಿತ್ತು.

ಯಶೋಧರಾ ಬೆಂಗಳೂರಿಗೆ ಫೋನ್ ಮಾಡಿದಳು.

"ನಾಯಕರು ಸಹಿ ಮಾಡಿದ ಅರ್ಜಿ ಕಳಿಸಿ ಮೇಡಂ. ವಾರದೊಳಗೆ ಹೊಸ ಪಾಸ್‌ವರ್ಡ್ ಕೊಡ್ತೀವಿ."

"ಪಟ್ಟಿ ಐದಕ್ಕೆ ಮುಚ್ಚುತ್ತೆ ಸಾರ್. ಒಂದೇ ಒಂದು ಹೆಸರು, ನೀವೇ ಸೇರಿಸಿಬಿಡಿ."

"ಅದಕ್ಕೆ ನನಗೂ ಅನುಮತಿ ಇಲ್ಲ."

"ಮತ್ತೆ ಯಾರಿಗಿದೆ ಸಾರ್?"

"ನಿಮ್ಮ ಶಾಖೆಯ ನಾಯಕರಿಗೆ."

ಪವಿತ್ರಳ ಹೆಸರನ್ನು ನಿಮ್ಮ ಪಟ್ಟಿಯಲ್ಲಿ ಸೇರಿಸಿ ಎಂದು ಟಿ. ನರಸೀಪುರದ ಶಾಖೆಯವರನ್ನೂ ಕೇಳಿದಳು. ಅವರು ಬೆಳಿಗ್ಗೆಯೇ ಮೂರು ಹೆಸರು ಕಳಿಸಿ ಮುಗಿಸಿದ್ದರು.

"ಮಗ್ಗದ ಸಾವ್ರ ಎಳೇಲಿ ಒಂದೆಳೆ ತಪ್ಪುದ್ರೂ ಇಡ್ಕತಿದ್ದೆ," ಎಂದರು ಮೇಷ್ಟ್ರು ಪರದೆಗೆ ಹೇಳುವಂತೆ. ಆಮೇಲೆ ತಿರುಗಿ ಅವಳನ್ನು ನೋಡಿದರು. "ನಂಗೇನೂ ಬರಾಕಿಲ್ಲ ಅಂತ ಗೊತ್ತಿದ್ದೂ ನನ್ಯಾಕವ್ವಾ ಮ್ಯಾಲಿಟ್ಟೆ?"

ಅವಳು ಗಡಿಯಾರದ ಕಡೆ ತಿರುಗಿದಳು.

ಐದಾಯಿತು. ಕಳಿಸುವ ಗುಂಡಿ ಬೂದು ಬಣ್ಣಕ್ಕೆ ತಿರುಗಿತು. ಮೇಷ್ಟ್ರು ಎದ್ದು ಕುರ್ಚಿಯನ್ನು ಅವಳ ಕಡೆ ಸರಿಸಿದರು. "ನೀನೇ ಕೂತ್ಕೋ ತಾಯಿ."

"ಬೇಡ ಮೇಷ್ಟ್ರೇ. ನೀವು ಕೂತ್ಕೊಳ್ಳಿ."

ಇಬ್ಬರೂ ಕೂರಲಿಲ್ಲ. ಪವಿತ್ರ ಜೆರಾಕ್ಸ್‌ಗಳನ್ನು ಖಾಲಿ ಕುರ್ಚಿಯ ಮೇಲಿಟ್ಟು, ಮಡಚಿಹೋದ ಮೂಲೆಗಳನ್ನು ಒಂದೊಂದಾಗಿ ಅಂಗೈಯಲ್ಲಿ ಉಜ್ಜಿ ನೇರ ಮಾಡತೊಡಗಿದಳು.